ಅಂಕಿಗಳಿದ್ದರೆ ಗಣಿತವಾದೀತೆ? – '2048' ಆಟ ಮತ್ತು ಆಟಗಾರರ ಅಭಿಪ್ರಾಯಗಳು

ಅಂಕಿಗಳನ್ನು ಬಳಸುವ ವಿಡಿಯೋ ಆಟಗಳಿಗೆ ಒಂದು ಅನುಕೂಲವಿದೆ. ಉಳಿದ ಆಟಗಳನ್ನು ಕಂಡರೆ ಗದರುವ ಹಿರಿಯರೂ ಇವುಗಳನ್ನು ಒಪ್ಪಿಕೊಳ್ಳುತ್ತಾರೆ. 'ಮಗು ಲೆಕ್ಕವನ್ನಾದರೂ ಮಾಡುತ್ತಿದೆಯಲ್ಲ' ಎಂಬ ಸಮಾಧಾನ ಅವರದು. ಇಂಥ ಆಟಗಳಲ್ಲಿ ಬಹಳ ಪ್ರಸಿದ್ಧವಾದುದು '2048'. ಇದನ್ನು ಆಡಿದವರಿಂದ ಸಾಮಾನ್ಯವಾಗಿ ಮೂರು ಮಾತುಗಳನ್ನು ಕೇಳುತ್ತೇವೆ: ಇದರಿಂದ ಬಾಯಿಲೆಕ್ಕ ಚುರುಕಾಗುತ್ತದೆ, ಇದು ಅದೃಷ್ಟದ ಆಟ, ಇದು ಮಿದುಳಿಗೆ ಒಳ್ಳೆಯ ವ್ಯಾಯಾಮ. ನೀವು ಶಿಕ್ಷಕರಾಗಿದ್ದರೆ, ಈ ಆಟವನ್ನು ವಿದ್ಯಾರ್ಥಿಗಳಿಗೆ ಶಿಫಾರಸು ಮಾಡುವ ಮೊದಲು ಈ ಮಾತುಗಳನ್ನು ಪರೀಕ್ಷಿಸಿ ನೋಡುವುದು ಒಳ್ಳೆಯದು.

ಆಟದ ನಿಯಮಗಳು

ಇಟಲಿಯ 19 ವರ್ಷದ ತರುಣ ಗೇಬ್ರಿಯೆಲೆ ಚಿರುಲ್ಲಿ 2014ರ ಮಾರ್ಚ್ ತಿಂಗಳಲ್ಲಿ, ಒಂದು ವಾರಾಂತ್ಯದ ಬಿಡುವಿನಲ್ಲಿ ಈ ಆಟವನ್ನು ರಚಿಸಿ ಉಚಿತವಾಗಿ ಹಂಚಿದ. 4×4 ಹಲಗೆಯಲ್ಲಿ 16 ಮನೆಗಳು. ಆರಂಭದಲ್ಲಿ ಎರಡು ಬಿಲ್ಲೆಗಳಿರುತ್ತವೆ. ಮೇಲೆ, ಕೆಳಗೆ, ಎಡ, ಬಲ – ಯಾವ ದಿಕ್ಕಿಗೆ ತಳ್ಳಿದರೂ ಎಲ್ಲ ಬಿಲ್ಲೆಗಳೂ ಆ ಕಡೆಗೆ ಜಾರುತ್ತವೆ. ಒಂದೇ ಸಂಖ್ಯೆಯ ಎರಡು ಬಿಲ್ಲೆಗಳು ಡಿಕ್ಕಿ ಹೊಡೆದರೆ ಸೇರಿಕೊಂಡು ಇಮ್ಮಡಿಯಾಗುತ್ತವೆ. ಪ್ರತಿ ನಡೆಯ ನಂತರ ಖಾಲಿ ಮನೆಯೊಂದರಲ್ಲಿ ಹೊಸ ಬಿಲ್ಲೆ ಮೂಡುತ್ತದೆ. ಅದು 2 ಆಗಿರುವ ಸಂಭವನೀಯತೆ ಶೇಕಡ 90, 4 ಆಗಿರುವ ಸಂಭವನೀಯತೆ ಶೇಕಡ 10. 2048ರ ಬಿಲ್ಲೆ ಸಿದ್ಧವಾದರೆ ಗೆಲುವು. ಮನೆಗಳು ತುಂಬಿ ಚಲನೆ ಸಾಧ್ಯವಾಗದಿದ್ದರೆ ಆಟ ಮುಗಿಯಿತು.

ಅಂಕಿಗಳನ್ನು ಅಳಿಸಿ ನೋಡಿ

ಈಗ ಮೊದಲನೆಯ ಮಾತಿಗೆ ಬರೋಣ. ಇದನ್ನು ಪರೀಕ್ಷಿಸಲು ಸುಲಭವಾದ ಉಪಾಯವಿದೆ. ಬಿಲ್ಲೆಗಳ ಮೇಲಿನ ಸಂಖ್ಯೆಗಳನ್ನು ಅಳಿಸಿ, ಅವುಗಳ ಜಾಗದಲ್ಲಿ ಕ, ಖ, ಗ, ಘ ಎಂದು ಬರೆಯಿರಿ. ಎರಡು ಕ ಸೇರಿದರೆ ಖ, ಎರಡು ಖ ಸೇರಿದರೆ ಗ. ಆಟದಲ್ಲಿ ಏನು ಬದಲಾಯಿತು? ಏನೂ ಇಲ್ಲ! ನಾಯಿಯ ಚಿತ್ರಗಳನ್ನು ಅಂಟಿಸಿದ '2048' ಕೂಡ ಬಂದಿತ್ತು; ಜನ ಅದನ್ನೂ ಅಷ್ಟೇ ಆಸಕ್ತಿಯಿಂದ ಆಡಿದರು. ಅಂದರೆ ಆಟಗಾರ ಇಲ್ಲಿ ಕೂಡುವುದೇ ಇಲ್ಲ. ಎರಡು ಬಿಲ್ಲೆಗಳು ಒಂದೇ ಬಗೆಯವೇ ಎಂದು ಗುರುತಿಸುವುದಷ್ಟೇ ಅವನ ಕೆಲಸ. ಕೂಡಿಸುವ ಕೆಲಸ ಯಂತ್ರದ್ದು. ಬಹಳ ಆಡಿದವರಿಗೆ 2, 4, 8, 16, 32 ಎಂಬ ಸರಣಿ ಬಾಯಿಗೆ ಬಂದೀತು. ಗಣಕ ವಿಜ್ಞಾನದ ವಿದ್ಯಾರ್ಥಿಗೆ ಅದು ಉಪಯುಕ್ತವೂ ಹೌದು. ಆದರೆ ಅದನ್ನು ಬಾಯಿಲೆಕ್ಕ ಎನ್ನಲಾಗದು.

ಅದೃಷ್ಟವೆಷ್ಟು, ಜಾಣತನವೆಷ್ಟು?

ಎರಡನೆಯ ಮಾತು ಅರ್ಧ ಮಾತ್ರ ನಿಜ. ಹೊಸ ಬಿಲ್ಲೆ ಎಲ್ಲಿ ಮೂಡುತ್ತದೆ, ಅದು 2 ಆಗಿರುತ್ತದೋ 4 ಆಗಿರುತ್ತದೋ ಎಂಬುದು ಆಟಗಾರನ ಕೈಯಲ್ಲಿಲ್ಲ. ಆದರೆ ದೊಡ್ಡ ಬಿಲ್ಲೆಯನ್ನು ಒಂದು ಮೂಲೆಯಲ್ಲಿ ನಿಲ್ಲಿಸಿ, ಉಳಿದವನ್ನು ಅದರ ಪಕ್ಕದಲ್ಲಿ ಇಳಿಕೆಯ ಕ್ರಮದಲ್ಲಿ ಜೋಡಿಸಿಕೊಂಡು ಹೋಗುವವರು ಮತ್ತೆ ಮತ್ತೆ ಗೆಲ್ಲುತ್ತಾರೆ. ಬರಿಯ ಅದೃಷ್ಟವಾಗಿದ್ದರೆ ಹೀಗಾಗುತ್ತಿರಲಿಲ್ಲ.

ಇದಕ್ಕಿಂತ ಗಂಭೀರವಾದ ಆಕ್ಷೇಪ ಇನ್ನೊಂದು ಆಟದ ಕರ್ತೃಗಳಿಂದ ಬಂತು. '2048'ಕ್ಕಿಂತ ಒಂದು ತಿಂಗಳು ಮೊದಲು, 2014ರ ಫೆಬ್ರವರಿಯಲ್ಲಿ, ಆಷರ್ ವೋಲ್ಮರ್ ಮತ್ತು ಗ್ರೆಗ್ ವೋಲ್ವೆಂಡ್ 'ತ್ರೀಸ್' ಎಂಬ ಇದೇ ಮಾದರಿಯ ಆಟವನ್ನು ಹೊರತಂದಿದ್ದರು. ಅದಕ್ಕಾಗಿ ಅವರು ಒಂದು ವರ್ಷಕ್ಕೂ ಹೆಚ್ಚು ಕಾಲ ದುಡಿದಿದ್ದರು. ಅದರಲ್ಲಿ 1 ಮತ್ತು 2 ಸೇರಿ 3. ಆ ಬಳಿಕ 3ಕ್ಕೆ 3 ಸೇರಿ 6, 6ಕ್ಕೆ 6 ಸೇರಿ 12. ಬಿಲ್ಲೆಗಳು ಒಂದು ನಡೆಗೆ ಒಂದೇ ಮನೆ ಸರಿಯುತ್ತವೆ. ಮುಂದೆ ಬರುವ ಬಿಲ್ಲೆಯ ಸುಳಿವೂ ಸಿಗುತ್ತದೆ. ಆದ್ದರಿಂದ ಹೆಚ್ಚು ಮುಂದಾಲೋಚನೆ ಬೇಕು. '2048'ರಲ್ಲಾದರೆ ಯೋಚಿಸದೆ ಮೇಲೆ–ಬಲ ಎಂದು ಸರದಿಯಲ್ಲಿ ತಳ್ಳುತ್ತಾ ಹೋದರೂ ಸಾಕಷ್ಟು ದೂರ ಸಾಗಬಹುದು ಎಂಬುದು ಅವರ ಟೀಕೆಯಾಗಿತ್ತು. ನೀವೇ ಹೀಗೆ ಕೆಲವು ಸಲ ಆಡಿ ನೋಡಿ. ಟೀಕೆಯಲ್ಲಿ ಹುರುಳಿದೆ ಎನ್ನಿಸುತ್ತದೆ. ಆದರೂ ನಮ್ಮ ಪರೀಕ್ಷೆಯಲ್ಲಿ 'ತ್ರೀಸ್' ಕೂಡ ತೇರ್ಗಡೆಯಾಗದು. ಅಲ್ಲಿಯೂ ಅಂಕಿಗಳ ಬದಲು ಅಕ್ಷರಗಳಿದ್ದರೆ ನಡೆಯುತ್ತದೆ.

ಮಿದುಳಿನ ವ್ಯಾಯಾಮವೇ?

ಹಾಗಾದರೆ ನಿಜವಾಗಿ ಬಾಯಿಲೆಕ್ಕ ಮಾಡಿಸುವ ಆಟಗಳೇ ಇಲ್ಲವೇ? ಇವೆ. ಜಪಾನಿನ ನಿಂಟೆಂಡೊ ಕಂಪನಿ 2005ರಲ್ಲಿ ತಂದ, ಮುಂದೆ 'ಬ್ರೇನ್ ಏಜ್' ಎಂದು ಹೆಸರಾದ ಆಟದಲ್ಲಿ 20 ಪುಟ್ಟ ಲೆಕ್ಕಗಳನ್ನು ಒಂದರ ಹಿಂದೊಂದರಂತೆ ಬಿಡಿಸಿ, ಉತ್ತರವನ್ನು ಪರದೆಯ ಮೇಲೆ ಬರೆಯಬೇಕಿತ್ತು. ಇಲ್ಲಿ ಅಂಕಿಗಳನ್ನು ಅಳಿಸಿದರೆ ಏನೂ ಉಳಿಯದು. ಯಂತ್ರ ತಮ್ಮ ಬರಹವನ್ನು ತಪ್ಪಾಗಿ ಓದುತ್ತದೆ ಎಂದು ಆಟಗಾರರು ದೂರಿದರು. ಆದರೆ ದಿನದಿನಕ್ಕೆ ತಮ್ಮ 'ಮಿದುಳಿನ ವಯಸ್ಸು' ಇಳಿಯುವುದನ್ನು ಕಂಡು ಹಿಗ್ಗಿದರು.

ಈ ಹಿಗ್ಗನ್ನು ಸ್ವಲ್ಪ ಎಚ್ಚರಿಕೆಯಿಂದ ನೋಡಬೇಕು. ಮಗ್ಗಿಯನ್ನು ದಿನವೂ ಹೇಳಿದವನಿಗೆ ಮಗ್ಗಿ ಚೆನ್ನಾಗಿ ಬರುತ್ತದೆ. ಅಷ್ಟರಿಂದಲೇ ಅವನ ನೆನಪು, ವಿವೇಚನೆ ಎಲ್ಲವೂ ಬೆಳೆದವು ಎನ್ನಲಾಗದು. ಆಡ್ರಿಯನ್ ಓವೆನ್ ಮತ್ತು ಸಂಗಡಿಗರು ಕಂಪ್ಯೂಟರಿನಲ್ಲಿ ಮಾಡುವ ಇಂಥ ಅಭ್ಯಾಸಗಳನ್ನು ಕುರಿತ ಅಧ್ಯಯನವನ್ನು 2010ರಲ್ಲಿ 'ನೇಚರ್' ಪತ್ರಿಕೆಯಲ್ಲಿ ಪ್ರಕಟಿಸಿದರು. ಆರು ವಾರಗಳ ಆ ಅಧ್ಯಯನದಲ್ಲಿ 11,430 ಜನ ಭಾಗವಹಿಸಿದ್ದರು. ಅಭ್ಯಾಸ ಮಾಡಿದ ಕೆಲಸಗಳಲ್ಲೆಲ್ಲ ಅವರು ಸುಧಾರಿಸಿದರು. ಆದರೆ ಆ ಸುಧಾರಣೆ ಅಭ್ಯಾಸ ಮಾಡದ ಬೇರೆ ಕೆಲಸಗಳಿಗೆ ಹರಿದುಹೋದದ್ದಕ್ಕೆ ಪುರಾವೆ ಸಿಗಲಿಲ್ಲ. ಆಟಗಾರನ ಅನುಭವ ಸುಳ್ಳಲ್ಲ. ಅದರಿಂದ ಅವನು ತೆಗೆದ ತೀರ್ಮಾನ ಮಾತ್ರ ಅವಸರದ್ದು.

ಗಣಿತ ಎಲ್ಲಿದೆ?

'2048'ರಲ್ಲಿ ಗಣಿತವೇ ಇಲ್ಲವೆಂದು ಇದರ ಅರ್ಥವಲ್ಲ. ಅದು ಆಡುವಾಗ ಸಿಗುವುದಿಲ್ಲ, ಆಟವನ್ನು ನಿಲ್ಲಿಸಿ ಪ್ರಶ್ನೆ ಕೇಳಿದಾಗ ಸಿಗುತ್ತದೆ. ತರಗತಿಯಲ್ಲಿ ಈ ಮೂರು ಪ್ರಶ್ನೆಗಳನ್ನು ಕೇಳಿ ನೋಡಿ.

1. ಗೆಲ್ಲಲು ಎಷ್ಟು ನಡೆಗಳು ಬೇಕು? ಬಿಲ್ಲೆಗಳು ಸೇರಿದಾಗ ಹಲಗೆಯ ಒಟ್ಟು ಮೊತ್ತ ಬದಲಾಗದು. ಹೊಸ ಬಿಲ್ಲೆ ಮೂಡಿದಾಗ ಮಾತ್ರ ಅದು ಹೆಚ್ಚುತ್ತದೆ – ಸರಾಸರಿ (0.9×2)+(0.1×4), ಅಂದರೆ 2.2ರಷ್ಟು. ಮೊತ್ತ 2048 ಮುಟ್ಟಲೇಬೇಕು. ಆದ್ದರಿಂದ 2048÷2.2, ಅಂದರೆ ಸರಾಸರಿಯಲ್ಲಿ ಸುಮಾರು 930 ನಡೆಗಳಾದರೂ ಬೇಕು. 'ಐದು ನಿಮಿಷದಲ್ಲಿ ಗೆದ್ದೆ' ಎಂದು ಯಾರಾದರೂ ಹೇಳಿದರೆ, ಅವರು ಸೆಕೆಂಡಿಗೆ ಮೂರು ನಡೆಗಳನ್ನು ನಡೆಸಿರಬೇಕು!

2. 2048ರ ಬಿಲ್ಲೆಗೆ ಎಷ್ಟು ಅಂಕ? ಎರಡು ಬಿಲ್ಲೆ ಸೇರಿದಾಗ ಹುಟ್ಟುವ ಸಂಖ್ಯೆಯೇ ಆಗ ಸಿಗುವ ಅಂಕ. ಬರಿಯ 2ರ ಬಿಲ್ಲೆಗಳಿಂದಲೇ ಕಟ್ಟಿದರೆ 4, 8, 16ರಿಂದ 2048ರವರೆಗಿನ 10 ಹಂತಗಳಲ್ಲಿ ಪ್ರತಿಯೊಂದರಲ್ಲೂ ಒಟ್ಟು 2048 ಅಂಕ. ಒಟ್ಟಾಗಿ 20,480. ಸಿದ್ಧವಾಗಿ ಬಂದ ಪ್ರತಿ 4ರ ಬಿಲ್ಲೆಗೂ ಇದರಿಂದ 4 ಅಂಕ ಕಳೆಯಬೇಕು. ಏಕೆ?

3. ಸಾಧ್ಯವಿರುವ ಅತಿ ದೊಡ್ಡ ಬಿಲ್ಲೆ ಯಾವುದು? 65,536, 32,768 ಎಂದು ಇಳಿಯುತ್ತಾ 4ರವರೆಗೆ 15 ಬಿಲ್ಲೆಗಳಿವೆ ಎನ್ನಿ. ಉಳಿದ ಒಂದೇ ಮನೆಯಲ್ಲಿ ಇನ್ನೊಂದು 4 ಮೂಡಿದರೆ ಎಲ್ಲವೂ ಸಾಲಾಗಿ ಸೇರಿ 1,31,072 ಆಗುತ್ತದೆ. ಅದು 2ರ 17ನೆಯ ಘಾತ. ಅದನ್ನು ಮೀರಲು ಮನೆಗಳೇ ಇಲ್ಲ.

ಈ ಪ್ರಶ್ನೆಗಳಲ್ಲಿ ಸಂಖ್ಯೆಗಳನ್ನು ಅಳಿಸಿ ಅಕ್ಷರಗಳನ್ನು ಹಾಕಲು ಸಾಧ್ಯವಿಲ್ಲ ಎಂಬುದನ್ನು ಗಮನಿಸಿ. ಮೊತ್ತ, ಸರಾಸರಿ, ಘಾತ – ಎಲ್ಲವೂ ಇಲ್ಲಿ ನಿಜವಾಗಿ ಬೇಕು. ಆದ್ದರಿಂದ '2048' ಬೇಸರ ಕಳೆಯಲು ಒಳ್ಳೆಯ ಆಟ, ಬಾಯಿಲೆಕ್ಕಕ್ಕೆ ಬದಲಿಯಲ್ಲ. ಗಣಿತದ ಪಾಠಕ್ಕೆ ಅದನ್ನು ತರುವುದಾದರೆ ಫೋನನ್ನು ಪಕ್ಕಕ್ಕಿಟ್ಟು ಕಪ್ಪುಹಲಗೆಯ ಮೇಲೆ ತನ್ನಿ. ಇನ್ನು ನಿಮಗೊಂದು ಪ್ರಶ್ನೆ: ಹಲಗೆ 5×5 ಆಗಿದ್ದರೆ ಅತಿ ದೊಡ್ಡ ಬಿಲ್ಲೆ ಯಾವುದು?