ಟೇಲರನ ಮನೆಯ ಕಾಗದಗಳು

ಗ್ರಂಥಕರ್ತನು ಸರಕಾರದ ಅಧಿಕಾರಿಯೂ ಆಗಿದ್ದ ಪಕ್ಷದಲ್ಲಿ ಅವನ ಅಂತರಂಗವನ್ನು ಎಲ್ಲಿ ಅರಸಬೇಕು? ‘ತಾರಾ’ ಮೊದಲಾದ ಐತಿಹಾಸಿಕ ಕಾದಂಬರಿಗಳ ಕರ್ತೃವಾದ ಮೆಡೋಸ್ ಟೇಲರನು ತನ್ನ ಸೋದರಸಂಬಂಧಿ ಹೆನ್ರಿ ರೀವನಿಗೆ ಬರೆದ ಕಾಗದಗಳು 1947ರಲ್ಲಿ ಅಚ್ಚಾದುವು. ಇವನ್ನು ಓದಿದವರಿಗೆ ಈ ಪ್ರಶ್ನೆ ಏಳದಿರದು.

ಟೇಲರನು 1853ರವರೆಗೆ ಸುಮಾರು ಹನ್ನೆರಡು ವರ್ಷ ಸುರಪುರದಲ್ಲಿದ್ದು, ಬಾಲರಾಜ ವೆಂಕಟಪ್ಪನಾಯಕನ ಪರವಾಗಿ ಸಂಸ್ಥಾನವನ್ನು ನಡೆಸಿದನು. ರಾಜನು ಅವನನ್ನು ‘ಅಪ್ಪಾ’ ಎಂದು ಕರೆಯುತ್ತಿದ್ದನಂತೆ. ಆ ರಾಜನೇ 1858ರಲ್ಲಿ ದಂಗೆಯೆದ್ದು ಸೆರೆಸಿಕ್ಕಿ, ಗುಂಡಿನಿಂದ ಮೃತನಾದನು. 1877ರಲ್ಲಿ ಪ್ರಕಟವಾದ ಆತ್ಮಚರಿತ್ರೆಯು ಈ ಅಂತ್ಯವನ್ನು ಬಲ್ಲವನ ಬರೆಹ. ಸುರಪುರದಿಂದ ಬರೆದ ಕಾಗದಗಳಿಗೆ ಅಂತ್ಯವು ತಿಳಿಯದು. ಅವುಗಳ ಬೆಲೆ ಇದರಲ್ಲಿದೆ.

ಆದರೂ ಎಚ್ಚರಿಕೆ ಬೇಕು. ಟೇಲರನು ನಿಜಾಮನ ಸೇವಕನೇ ಹೊರತು ಕಂಪೆನಿಯವನಲ್ಲ. ಪದವಿಯ ಅಭದ್ರತೆ ಅವನನ್ನು ಬಿಡಲಿಲ್ಲ. ರೀವನಾದರೋ ‘ಟೈಮ್ಸ್’ ಪತ್ರಿಕೆಯ ಅಗ್ರಲೇಖಕನು. ಅಂಥವನಿಗೆ ಬರೆದ ಮನೆಯ ಕಾಗದವು ಅರ್ಧ ಅರ್ಜಿಯೂ ಹೌದು. ಮೇಲಾಗಿ ಇಲ್ಲಿ ಕೇಳುವುದು ಆಳಿದವನ ದನಿಯೊಂದೇ. ರಾಜನ ಮಾತಿಗೆ ಎಡೆಯಿಲ್ಲ.

ತರೀಕೆರೆಯ ಸರ್ಜಾ ಹನುಮಪ್ಪನಾಯಕನು 1834ರಲ್ಲಿ ಗಲ್ಲಿಗೇರಿದುದನ್ನು ಬಲ್ಲ ನಮಗೆ ಈ ಮೌನವು ಹೊಸದಲ್ಲ. ಕಡೂರು, ತರೀಕೆರೆ, ಅಜ್ಜಂಪುರದ ಮನೆಗಳಲ್ಲಿ ಅಮಲ್ದಾರ, ಶೇಕದಾರ, ಶಾನುಭೋಗರಾಗಿದ್ದ ಹಿರಿಯರ ಕಾಗದದ ಕಟ್ಟುಗಳಿದ್ದರೆ, ವಾಚಕರು ಅವನ್ನು ಒಲೆಗೆ ಹಾಕದಿರಲಿ. ಇನ್ನೊಂದು ಪಕ್ಷದ ಸಾಕ್ಷ್ಯವು ಅಲ್ಲಿಯೇ ಉಳಿದಿರಬಹುದು.