ಸೂಜಿ ಮುಟ್ಟದ ರಾಜಕುಮಾರಿ ಲಂಗ

ಶಾಲೆಯ ಛದ್ಮವೇಷಕ್ಕೆಂದು ಹೊಲಿಗೆಯಿಲ್ಲದೆ ಮಾಡಿದ ರಾಜಕುಮಾರಿ ಲಂಗವನ್ನು ಅವಸರದ ಕೆಲಸವೆಂದು ತಳ್ಳಿಹಾಕುವವರು ಅದರ ಸೊಂಟಪಟ್ಟಿಯನ್ನು ಹತ್ತಿರದಿಂದ ನೋಡಬೇಕು. ನೆಟ್ ಬಟ್ಟೆಯ ಉದ್ದ ಪಟ್ಟಿಯನ್ನು ನಡುವೆ ಮಡಚಿ, ಆ ಕುಣಿಕೆಯನ್ನು ಎಲಾಸ್ಟಿಕ್ಕಿನ ಹಿಂದಿನಿಂದ ತಂದು, ಎರಡೂ ತುದಿಗಳನ್ನು ಅದರೊಳಗೆ ತೂರಿಸಿ ಎಳೆಯುತ್ತಾರೆ. ಪಟ್ಟಿ ಕೆಳಗೆ ಜಗ್ಗಿದಷ್ಟೂ ಗಂಟು ಬಿಗಿಯುತ್ತದೆ. ಜಾಣ್ಮೆಯಿರುವುದು ಎಳೆಯುವ ಕೈಯಲ್ಲಿ: ತುಸು ಹೆಚ್ಚಾದರೆ ಎಲಾಸ್ಟಿಕ್ ಮುದುಡಿ ಹಗ್ಗವಾಗುತ್ತದೆ, ಕಡಿಮೆಯಾದರೆ ಸಂದು ಬೀಳುತ್ತದೆ. ಗಂಟುಗಳು ಒತ್ತೊತ್ತಾಗಿ ಕೂತರೆ ಪಟ್ಟಿಗಳು ಒಂದನ್ನೊಂದು ಹೊರಕ್ಕೆ ತಳ್ಳುತ್ತವೆ. ಒಳಗೆ ತಂತಿಯ ಆಸರೆಯಿಲ್ಲದೆ ಘೇರು ತಾನಾಗಿ ಅರಳುತ್ತದೆ.

ಅಂಚು ಮಡಚಿ ಹೊಲಿಯದಿದ್ದರೆ ಎಳೆ ಬಿಡುವುದಿಲ್ಲವೇ? ಹಾಸುಹೊಕ್ಕಿನಲ್ಲಿ ನೇಯ್ದ ಹತ್ತಿ, ರೇಷ್ಮೆಯಾದರೆ ಖಂಡಿತ ಬಿಡುತ್ತದೆ. ನೆಟ್ಟಿನ ಎಳೆಗಳಾದರೋ ಸಣ್ಣ ಷಟ್ಕೋನದ ಕಣ್ಣುಗಳಾಗಿ ಒಂದನ್ನೊಂದು ಹಿಡಿದಿರುತ್ತವೆ, ಕತ್ತರಿಸಿದ ಅಂಚು ಹಾಗೆಯೇ ನಿಲ್ಲುತ್ತದೆ. ಅಂದರೆ ಇಲ್ಲಿ ಹೊಲಿಗೆ ತಪ್ಪಿಸಿಕೊಂಡದ್ದಲ್ಲ, ಹೊಲಿಗೆ ಬೇಡದ ಬಟ್ಟೆಯನ್ನು ಅರಿತು ಆರಿಸಿದ್ದು. ಹೊಲಿಯದ್ದು ಉಡುಪೇ ಅಲ್ಲ ಎನ್ನುವವರಿಗೆ ಸೀರೆ, ಪಂಚೆ ನೆನಪಿಸಿದರೆ ಸಾಕು. ನೆಟ್ ಚುಚ್ಚುತ್ತದೆಂಬ ದೂರು ಮಾತ್ರ ನಿಜ. ಒಳಗೊಂದು ಹತ್ತಿಯ ಲೆಗ್ಗಿಂಗ್ಸ್ ಬೇಕೇ ಬೇಕು. ನೈಲಾನಿನ ನೆಟ್ ಬೆಂಕಿಗೆ ಬೇಗ ಕರಗುವುದರಿಂದ ಆರತಿ ತಟ್ಟೆಯಿಂದಲೂ ದೂರವಿರಬೇಕು. ಬಾಳಿಕೆಯ ಮಾತಿಗೆ ಬಂದರೆ, ಓಡಾಟದಲ್ಲಿ ಒಂದು ಪಟ್ಟಿ ಹರಿದರೆ ಅದೊಂದನ್ನೇ ಬಿಚ್ಚಿ ಬೇರೆ ಕಟ್ಟಬಹುದು. ಮಗು ಬೆಳೆದರೆ ಉದ್ದದ ಎಲಾಸ್ಟಿಕ್ಕಿಗೆ ಹಳೆಯ ಪಟ್ಟಿಗಳನ್ನೇ ವರ್ಗಾಯಿಸಿ, ಸಂದಿಗೆ ಇನ್ನೊಂದಷ್ಟು ಸೇರಿಸಿದರಾಯಿತು. ದರ್ಜಿ ಹೊಲಿದ ಗೌನಿಗೆ ಈ ಸೌಲಭ್ಯ ಎಲ್ಲಿದೆ?