ಹತ್ರ ಬರ್ಲಿ, ಆಮ್ಯಾಲ ಹೊಡಿ

ಹೋದ ದೀಪಾವಳಿಗೆ ಊರಿಗೆ ಹೋದಾಗ ಹಳೇ ಸಂದೂಕದಲ್ಲಿ ನಮ್ಮ ವಿಡಿಯೋ ಗೇಮ್ ಸಿಕ್ಕಿತು. ಊರು ಅಂದರೆ ಬೇಮಳಖೇಡ, ಬೀದರ್ ಜಿಲ್ಲೆ. ಬೆಂಗಳೂರಿನ ರಾತ್ರಿ ಬಸ್ಸನ್ನು ಹುಮನಾಬಾದಿನಲ್ಲಿ ಇಳಿದು, ಚಿಟಗುಪ್ಪದ ಕಡೆ ಹೋಗುವ ಇನ್ನೊಂದು ಬಸ್ಸು ಹಿಡಿದು ಹೋಗಬೇಕು. ಸೋಯಾ ರಾಶಿ ಮುಗಿದಿತ್ತು, ಮನೆಯಲ್ಲಿ ಎಲ್ಲರೂ ಸ್ವಲ್ಪ ಆರಾಮಾಗಿದ್ದರು. ಗೇಮಿನ ಅಡಾಪ್ಟರ್ ಸತ್ತಿತ್ತು. ಹುಮನಾಬಾದಿನ ಒಂದು ರಿಪೇರಿ ಅಂಗಡಿಯಲ್ಲಿ ಬೇರೆಯದು ಸಿಕ್ಕಿತು. ಕ್ಯಾಸೆಟ್ಟಿನ ಬಾಯಿಗೆ ಉಫ್ ಅಂತ ಊದಿ ಸಿಕ್ಕಿಸಿದೆ. ಟಿವಿ ಹಿಂದಿನ ಹಳದಿ ತೂತಿಗೆ ಹಳದಿ ವೈರ್ ಹಾಕಿದೆ. ಬಂತು!

ಅಣ್ಣನ ಮಗನಿಗೆ ಹತ್ತು ವರ್ಷ. ಅವನ ಕೈಗೆ ರಿಮೋಟ್ ಕೊಟ್ಟು ಗೆಲಾಕ್ಸಿಯನ್ ಹಾಕಿದೆ. ನಮ್ಮ ಕಡೆ ಅದನ್ನು ಜಾಯ್‌ಸ್ಟಿಕ್, ಗೇಮ್‌ಪ್ಯಾಡ್ ಅಂತೆಲ್ಲ ಯಾರೂ ಅನ್ನುತ್ತಿರಲಿಲ್ಲ, ರಿಮೋಟ್ ಅಷ್ಟೇ. ಎರಡು ನಿಮಿಷದೊಳಗೆ ಹುಡುಗನ ಮೂರೂ ಜೀವ ಹೋದವು. ಪರದೆ ಮೇಲೆ ಗೇಮ್ ಓವರ್ ಅಂತ ಬಂತು. ಅವನು ಸುಮ್ಮನೆ ಕಾಯುತ್ತಾ ಕೂತ.

"ಕಾಕಾ, ಆಡ್ ಎಲ್ಲದ?"

"ಯಾವ ಆಡ್?"

"ಅರೇ, ಸತ್ರ ಆಡ್ ನೋಡಿದ್ರ ಒಂದ್ ಜೀವ ಕೊಡ್ತಾರಲ್ಲ, ಅದು."

ಇಲ್ಲಿ ನನ್ನ ಕೆಲಸದ ವಿಷಯ ಹೇಳಿಬಿಡಬೇಕು. ಇಲ್ಲದಿದ್ದರೆ ಮುಂದಿನ ಮಾತುಗಳೆಲ್ಲ ಬೇರೆ ಯಾರನ್ನೋ ಬೈದಂತೆ ಆಗುತ್ತದೆ. ನಾನು ಬೆಂಗಳೂರಲ್ಲಿ ಮೊಬೈಲ್ ಗೇಮ್ ಮಾಡುವ ಒಂದು ಕಂಪನಿಯಲ್ಲಿದ್ದೀನಿ. ಆಟಗಾರ ಸೋತ ಕೂಡಲೇ ಏನು ಕಾಣಬೇಕು ಅನ್ನೋದನ್ನ ತೀರ್ಮಾನಿಸೋ ಟೀಮ್ ನಮ್ಮದು. ಆ ಹುಡುಗ ಹುಡುಕುತ್ತಿದ್ದ ಬಟನ್ ಇದೆಯಲ್ಲ, ಅಂಥವನ್ನು ಮಾಡೋದೇ ನನ್ನ ಸಂಬಳ.

ಆ ರಾತ್ರಿಯಿಂದ ಈ ಹಳೇ ಆಟಗಳನ್ನು ಮತ್ತೆ ಆಡುತ್ತಾ ಇದ್ದೀನಿ, ಈ ಸಲ ಸ್ವಲ್ಪ ಗಮನ ಕೊಟ್ಟು. ಇವುಗಳ ಜಾತಿಗೆ 'ಫಿಕ್ಸ್ಡ್ ಶೂಟರ್' ಅಂತ ಹೆಸರು. ಪರದೆ ಸರಿಯೋದಿಲ್ಲ, ಇಡೀ ಜಗತ್ತು ಒಂದೇ ಚೌಕಟ್ಟಿನೊಳಗೆ. ನೀವು ಕೆಳಗೆ, ಎಡಕ್ಕೆ ಬಲಕ್ಕೆ ಮಾತ್ರ ಓಡಾಡಬಹುದು. ಶತ್ರು ಮೇಲೆ. ಇವುಗಳ ಬಗ್ಗೆ ಎಲ್ಲರೂ ಹೇಳೋದು ಒಂದೇ ಮಾತು: "ಸಿಂಪಲ್ ಆಟ, ಬಟನ್ ಒತ್ತುತ್ತಾ ಇದ್ದರೆ ಸಾಕು." ನನಗೆ ಅನ್ನಿಸೋದು ಇದಕ್ಕೆ ತದ್ವಿರುದ್ಧ. ಗುಂಡು ಹೊಡೆಯದೆ ಇರೋದನ್ನ ಕಲಿಸಿದ ಆಟಗಳಿವು.

ಮೊದಲನೆಯದು, 1978ರ ಸ್ಪೇಸ್ ಇನ್ವೇಡರ್ಸ್. ಜಪಾನಿನ ಟೈಟೋ ಕಂಪನಿಗಾಗಿ ತೊಮೊಹಿರೊ ನಿಶಿಕಾಡೊ ಮಾಡಿದ್ದು. ಆಟವನ್ನಷ್ಟೇ ಅಲ್ಲ, ಅದು ಓಡುವ ಹಾರ್ಡ್‌ವೇರನ್ನೂ ಅವರೇ ಜೋಡಿಸಿದರು. ಪರದೆ ಮೇಲೆ ಸಾಲಿಗೆ 11ರಂತೆ 5 ಸಾಲು, ಒಟ್ಟು 55 ಅನ್ಯಗ್ರಹದ ಪ್ರಾಣಿಗಳು. ಆ ಯಂತ್ರ ಸೆಕೆಂಡಿಗೆ 60 ಸಲ ಚಿತ್ರ ಬದಲಿಸುತ್ತದೆ, ಒಂದೊಂದು ಸಲಕ್ಕೆ ಒಂದೊಂದೇ ಪ್ರಾಣಿಯನ್ನು ಸರಿಸುತ್ತದೆ. ಹಾಗಾಗಿ 55 ಇದ್ದಾಗ ಇಡೀ ದಂಡು ಒಂದು ಹೆಜ್ಜೆ ಇಡೋಕೆ ಹೆಚ್ಚೂಕಡಿಮೆ ಒಂದು ಸೆಕೆಂಡು. ನೀವು ಹೊಡೆದಷ್ಟೂ ಯಂತ್ರದ ಹೊರೆ ಕಡಿಮೆ, ದಂಡಿನ ವೇಗ ಜಾಸ್ತಿ. ಕೊನೆಗೆ ಉಳಿದ ಒಂದೇ ಒಂದು ಹುಚ್ಚು ಹಿಡಿದಂತೆ ಓಡುತ್ತದೆ. ಇದು ಯಂತ್ರದ ಮಿತಿಯಿಂದ ಆದದ್ದು. ನಿಶಿಕಾಡೊ ಅದನ್ನು ಸರಿಪಡಿಸಲಿಲ್ಲ, ಹಾಗೇ ಬಿಟ್ಟರು. ಗೆಲುವು ಹತ್ತಿರವಾದಷ್ಟೂ ಆಟ ಕಷ್ಟವಾಗುತ್ತಾ ಹೋಯಿತು.

ಆದರೆ ನನ್ನ ಕಣ್ಣಿಗೆ ಬಿದ್ದದ್ದು ಇನ್ನೊಂದು ನಿಯಮ. ನಿಮ್ಮ ಗುಂಡು ಪರದೆ ಮೇಲೆ ಒಂದು ಸಲಕ್ಕೆ ಒಂದೇ. ಅದು ಏನಾದರೂ ತಾಗಬೇಕು, ಇಲ್ಲಾ ಮೇಲಿನ ಅಂಚಿಗೆ ಹೋಗಿ ಸಾಯಬೇಕು. ಅಲ್ಲಿಯವರೆಗೆ ಬಟನ್ ಎಷ್ಟು ಕುಟ್ಟಿದರೂ ಇನ್ನೊಂದು ಹೊರಡೋದಿಲ್ಲ. ಗುರಿ ತಪ್ಪಿದ್ದಕ್ಕೆ ಬೇರೆ ದಂಡವಿಲ್ಲ, ಅಂಕ ಕಡಿತವಿಲ್ಲ. ದಂಡ ಅಂದರೆ ಕಾಯೋದು. ತಪ್ಪಿಹೋದ ಗುಂಡು ಇಡೀ ಆಕಾಶ ದಾಟುವವರೆಗೆ ನೀವು ಬರಿಗೈ.

ಇದರಿಂದ ಒಂದು ತಮಾಷೆ ಆಗುತ್ತದೆ. ದೂರದ ಶತ್ರುವಿಗೆ ಹೊಡೆದರೆ ಗುಂಡು ವಾಪಸ್ ಸಿಗೋದು ತಡ. ಹತ್ತಿರದವನಿಗೆ ಹೊಡೆದರೆ ತಕ್ಷಣ ಇನ್ನೊಂದು ಕೈಯಲ್ಲಿ. ಅಂದರೆ ಅಪಾಯವನ್ನು ಹತ್ತಿರ ಬಿಟ್ಟುಕೊಂಡಷ್ಟೂ ನಿಮ್ಮ ಬಂದೂಕು ಚುರುಕು. ಅಣ್ಣ ಇದನ್ನ ಯಾವ ಲೇಖನ ಓದಿಯೂ ತಿಳಿದವನಲ್ಲ. 1998ರಲ್ಲಿ ನನ್ನ ಹಿಂದೆ ಕೂತು, ತಲೆಗೊಂದು ಮೊಟಕಿ ಹೇಳುತ್ತಿದ್ದ: "ಎದಕ್ ಗಡಬಡ ಮಾಡ್ತಿ? ಹತ್ರ ಬರ್ಲಿ ಬಿಡು, ಆಮ್ಯಾಲ ಹೊಡಿ." ಇಷ್ಟು ವರ್ಷ ಗೇಮ್ ಡಿಸೈನ್ ಬಗ್ಗೆ ಓದಿದ್ದರಲ್ಲಿ ಇದಕ್ಕಿಂತ ಚೊಕ್ಕ ವಿಮರ್ಶೆ ನಾನು ಕಂಡಿಲ್ಲ.

1979ರಲ್ಲಿ ಬಂದ ನಾಮ್ಕೋ ಕಂಪನಿಯ ಗೆಲಾಕ್ಸಿಯನ್ ಈ ಮಾತನ್ನ ಅಂಕದ ಪಟ್ಟಿಯಲ್ಲೇ ಬರೆದಿಟ್ಟಿತು. ಇಲ್ಲೂ ಗುಂಡು ಒಂದೇ. ಆದರೆ ಶತ್ರುಗಳು ಸಾಲು ಬಿಟ್ಟು ಸುರುಳಿ ಸುತ್ತುತ್ತಾ ನಿಮ್ಮ ಮೇಲೇ ಎರಗುತ್ತವೆ. ಸಾಲಿನಲ್ಲಿ ಸುಮ್ಮನೆ ನಿಂತ ನೀಲಿ ಹುಳಕ್ಕೆ 30 ಅಂಕ, ಮೈಮೇಲೆ ಎರಗುವಾಗ ಹೊಡೆದರೆ 60. ಮೇಲಿನ ಸಾಲಿನ ನಾಯಕ ನಿಂತಲ್ಲೇ ಸತ್ತರೆ 60. ಅವನು ಇಬ್ಬರು ಅಂಗರಕ್ಷಕರ ಜೊತೆ ಇಳಿಯುವಾಗ, ಮೊದಲು ಆ ಇಬ್ಬರನ್ನೂ ಮುಗಿಸಿ ಕೊನೆಗೆ ಅವನನ್ನು ಹೊಡೆದರೆ 800. ಒಂದೇ ಗುಂಡಿಟ್ಟುಕೊಂಡು, ಮೂವರು ಮೇಲೆ ಬೀಳುತ್ತಿರುವಾಗ, ಸರದಿ ಪ್ರಕಾರ! ಧೈರ್ಯಕ್ಕೆ ಇಷ್ಟು ಸ್ಪಷ್ಟವಾಗಿ ಬೆಲೆ ಕಟ್ಟಿದ ಆಟಗಳು ಕಡಿಮೆ.

1981ರ ಗೆಲಾಗಾ ಇನ್ನೂ ಒಂದು ಹೆಜ್ಜೆ ಮುಂದೆ. ಅಲ್ಲಿ ಶತ್ರು ನಾಯಕ ಒಂದು ಬೆಳಕಿನ ಬಲೆ ಬೀಸಿ ನಿಮ್ಮ ವಿಮಾನವನ್ನೇ ಹಿಡಿದುಕೊಂಡು ಹೋಗುತ್ತಾನೆ. ಒಂದು ಜೀವ ಹೋದ ಹಾಗೆ. ಆಮೇಲೆ ಅವನು ಅದನ್ನ ಎಳೆದುಕೊಂಡು ಕೆಳಗೆ ಬಂದಾಗ, ಸೆರೆಯಾದ ವಿಮಾನಕ್ಕೆ ತಾಗದಂತೆ ಅವನನ್ನು ಮಾತ್ರ ಹೊಡೆದರೆ ನಿಮ್ಮದು ವಾಪಸ್ ಬಂದು ಪಕ್ಕಕ್ಕೆ ಜೋಡಿಯಾಗುತ್ತದೆ. ಗುಂಡು ದುಪ್ಪಟ್ಟು. ಆದರೆ ಅಗಲವೂ ದುಪ್ಪಟ್ಟು, ತಪ್ಪಿಸಿಕೊಳ್ಳೋದು ಕಷ್ಟ. ಅದಕ್ಕೇ ಜಾಣ ಆಟಗಾರರು ಬೇಕಂತಲೇ ಸಿಕ್ಕಿಹಾಕಿಕೊಳ್ಳುತ್ತಾರೆ. ಇದನ್ನೇ ನಮ್ಮ ಆಫೀಸ್ ಭಾಷೆಯಲ್ಲಿ ಪವರ್-ಅಪ್ ಅನ್ನುತ್ತೇವೆ. ಒಂದೇ ವ್ಯತ್ಯಾಸ: ಗೆಲಾಗಾದಲ್ಲಿ ಪಣಕ್ಕಿಡೋದು ನಿಮ್ಮ ಜೀವ. ನಮ್ಮಲ್ಲಿ 79 ರೂಪಾಯಿ.

ಆರ್ಕೇಡ್ ಪೆಟ್ಟಿಗೆಯಿಂದ ಈ ಆಟಗಳು ಮನೆಗೆ ಬಂದದ್ದು ಬೇರೆಯೇ ಕಥೆ. ಅಟಾರಿ 2600ರ ಸ್ಪೇಸ್ ಇನ್ವೇಡರ್ಸ್ ಬಂದದ್ದು 1980ರಲ್ಲಿ. ಆ ಯಂತ್ರದ ಒಟ್ಟು ರ‍್ಯಾಮ್ 128 ಬೈಟ್. ನಾನು ಕಿಲೋಬೈಟ್ ಅಂತ ಬರೆಯೋಕೆ ಮರೆತಿಲ್ಲ, ಬೈಟೇ. ಅದಕ್ಕೆ ಬರುತ್ತಿದ್ದದ್ದು ಎರಡು ಆಟಗಾರ-ಚಿತ್ರ, ಪ್ರತಿಯೊಂದರ ಮೂರು ನಕಲು. ಆದ್ದರಿಂದ ಸಾಲಿಗೆ 11ರ ಬದಲು 6, ಒಟ್ಟು 36 ಶತ್ರು. ದಂಡು ಸಣ್ಣದಾಯಿತು, ಆಟ ಉಳಿಯಿತು. ಬ್ರಿಟನ್ನಿನಲ್ಲಿ ಬಿಬಿಸಿ ಮೈಕ್ರೋ ಕಂಪ್ಯೂಟರಿಗೆ 1982ರಲ್ಲಿ ಆರ್ಕೇಡಿಯನ್ಸ್ ಅಂತ ಒಂದು ಬಂತು. ಹೆಸರು ಬೇರೆ, ಆಟ ಗೆಲಾಕ್ಸಿಯನ್ನೇ. ಅದೇ ಬಿಬಿಸಿ ಮೈಕ್ರೋ 1984ರಿಂದ ಕೇಂದ್ರ ಸರ್ಕಾರದ 'ಕ್ಲಾಸ್' ಯೋಜನೆಯಲ್ಲಿ ನಮ್ಮ ದೇಶದ 250 ಶಾಲೆಗಳಿಗೂ ಬಂತು. ಆಗ ನಮ್ಮ ಕಡೆ ಕಂಪ್ಯೂಟರ್ ಅನ್ನೋ ಶಬ್ದವೂ ಬಂದಿರಲಿಲ್ಲ.

ನಮ್ಮೂರಿಗೆ ಬಂದದ್ದು ಆಮೇಲೆ, ಅದೂ ಹಿತ್ತಲ ಬಾಗಿಲಿಂದ. ನಿಂಟೆಂಡೋದ 1983ರ ಫ್ಯಾಮಿಕಾಮ್ ಅನ್ನು ನಕಲು ಮಾಡಿದ ಯಂತ್ರಗಳು ತೊಂಬತ್ತರ ದಶಕದಲ್ಲಿ ಟಿವಿ ಅಂಗಡಿಗಳಲ್ಲಿ ಮಾರಾಟಕ್ಕಿದ್ದವು. ಫ್ಯಾಮಿಕಾಮಿಗೆ ಗೆಲಾಕ್ಸಿಯನ್ 1984ರಲ್ಲಿ, ಗೆಲಾಗಾ 1985ರಲ್ಲಿ ಬಂದಿದ್ದವು. ನಮಗೆ ಸಿಕ್ಕಿದ್ದು ಎಲ್ಲವನ್ನೂ ಒಟ್ಟಿಗೆ ತುಂಬಿದ ಕ್ಯಾಸೆಟ್ಟು. ಮೇಲೆ ಲಕ್ಷಗಟ್ಟಲೆ ಆಟ ಇವೆ ಅಂತ ಬರೆದಿತ್ತು. ಒಳಗೆ ಇದ್ದದ್ದು ಬೆರಳೆಣಿಕೆಯಷ್ಟು, ಅವೇ ಹೆಸರು ಬದಲಿಸಿಕೊಂಡು ಮತ್ತೆ ಮತ್ತೆ ಬರುತ್ತಿದ್ದವು. ರಿಮೋಟಿನಲ್ಲಿ 'ಟರ್ಬೋ' ಅಂತ ಎರಡು ಹೆಚ್ಚಿನ ಬಟನ್, ಒತ್ತಿ ಹಿಡಿದರೆ ಗುಂಡು ಸುರಿಮಳೆ. ಬೇರೆ ಆಟಗಳಲ್ಲಿ ನಡೀತಿತ್ತು. ಗೆಲಾಕ್ಸಿಯನ್‌ನಲ್ಲಿ ಟರ್ಬೋ ಒತ್ತಿದರೂ ಗುಂಡು ಒಂದೇ. ಮೊದಲ ದಿನ ನಾನು ಬಟನ್ ಕೆಟ್ಟಿದೆ ಅಂದುಕೊಂಡಿದ್ದೆ.

ಈಗ ಹಳೆಯದನ್ನೆಲ್ಲ ಹೊಗಳಿ ಕೂತರೆ ಅನ್ಯಾಯವಾಗುತ್ತದೆ. ಅರ್ಧ ಗಂಟೆ ಆದಮೇಲೆ ಗೆಲಾಕ್ಸಿಯನ್ ಬೋರು. ಅದೇ ದಂಡು, ಅದೇ ಸದ್ದು, ಕಥೆ ಇಲ್ಲ, ಕೊನೆ ಇಲ್ಲ. ಇನ್ನೂ ಮುಖ್ಯ, ಈ ನಿಷ್ಠುರತೆ ಏನೂ ತಪಸ್ಸಲ್ಲ, ವ್ಯಾಪಾರ. ಆರ್ಕೇಡಿನಲ್ಲಿ ನೀವು ಬೇಗ ಸಾಯಬೇಕು, ಹಿಂದೆ ನಿಂತವನು ನಾಣ್ಯ ಹಾಕಬೇಕು. ಮುಂದಿನ ವರ್ಷಗಳಲ್ಲಿ ಆರ್ಕೇಡ್ ಆಟಗಳೇ "ಕಂಟಿನ್ಯೂ?" ಅಂತ ಕೇಳಿ ಅಂಕಿ ಇಳಿಸುತ್ತಾ ಎಣಿಸೋಕೆ ಶುರು ಮಾಡಿದವು. ನನ್ನ ಬಟನ್ನಿನ ಮುತ್ಯಾ ಅದೇ.

ಆದರೂ ಮೊದಲಿನ ಆ ಆಟಗಳಲ್ಲಿ ನಾಣ್ಯ ಕೊಳ್ಳುತ್ತಿದ್ದದ್ದು ಶುರುವನ್ನು ಮಾತ್ರ. ಶುರುವಾದ ಮೇಲೆ ಎಷ್ಟು ಹೊತ್ತು ನಿಲ್ಲುತ್ತೀರಿ ಅನ್ನೋದು ನಿಮಗೆ ಬಿಟ್ಟದ್ದು. ಎರಡು ನಿಮಿಷಕ್ಕೆ ಸತ್ತವನಿಗೂ ಒಂದು ಗಂಟೆ ನಿಂತವನಿಗೂ ಅದೇ ಒಂದು ನಾಣ್ಯ. ಮನೆಗೆ ಬಂದಾಗ ನಾಣ್ಯವೂ ಹೋಯಿತು, ನಿಯಮ ಮಾತ್ರ ಉಳಿಯಿತು. ಸೋಲು ಅಂದರೆ ಸೋಲು. ಅದಾದಮೇಲೆ ಮಾಡಬಹುದಾದದ್ದು ಒಂದೇ, ಮೊದಲಿಂದ ಆಡೋದು. ಗೇಮ್ ಓವರ್ ಅನ್ನೋ ಎರಡು ಪದ ಮುಗಿದ ವಾಕ್ಯವಾಗಿತ್ತು. ನಾವು ಅದನ್ನ ಮಾರಾಟದ ಮೊದಲ ವಾಕ್ಯ ಮಾಡಿದ್ದೀವಿ.

ಹುಡುಗನ ಪ್ರಶ್ನೆಗೆ ಉತ್ತರ ಕೊಟ್ಟ ರಾತ್ರಿ ಊಟಕ್ಕೆ ಕೂತಾಗ ಅಣ್ಣ ಹೇಳಿದ. ಹಿಂದಿನ ತಿಂಗಳು ಹುಡುಗ ಅವನ ಫೋನಿನಿಂದ ಯಾವುದೋ ಗೇಮಿಗೆ 1,900 ರೂಪಾಯಿ ಕಟ್ಟಿದ್ದ, ಒಂದೇ ಸಲ ಅಲ್ಲ, ಚಿಲ್ಲರೆ ಚಿಲ್ಲರೆಯಾಗಿ. ಯುಪಿಐ ಪಿನ್ ಹುಡುಗನಿಗೆ ಗೊತ್ತು, ಮನೆಯವರ ರೀಚಾರ್ಜ್ ಎಲ್ಲ ಮಾಡಿಕೊಡೋದು ಅವನೇ. ಗೇಮ್ ನಮ್ಮ ಕಂಪನಿಯದ್ದಲ್ಲ. ಕೇಳಿ ನೋಡಿದೆ, ಬೇರೆ ಯಾರದ್ದೋ. ಆದರೆ ಹೇಗೆ ಕೇಳಿದ್ದಾರೆ, ಯಾವಾಗ ಕೇಳಿದ್ದಾರೆ, ಮೊದಲ ಸಲ ಎಷ್ಟು ಕಡಿಮೆ ಕೇಳಿದ್ದಾರೆ ಅಂತ ಅಣ್ಣ ಹೇಳುತ್ತಾ ಹೋದ ಹಾಗೆ ಒಂದೊಂದೂ ನನಗೆ ಮುಂಚೇನೇ ಗೊತ್ತಿತ್ತು.

"ನೀ ಬೆಂಗಳೂರಾಗ ಇಂಥಾದ್ದೇ ಮಾಡ್ತಿ, ಅಲ್ಲಾ?"

"ಹೂಂ."

"ಊಟ ಮಾಡು, ರೊಟ್ಟಿ ಆರ್ತಾವ" ಅಂದ. ಅಷ್ಟೇ. ಬೈದಿದ್ದರೆ ವಾಸಿ ಇತ್ತು.

ವಾಪಸ್ ಬಂದು ಕೆಲಸ ಬಿಟ್ಟೆ ಅಂತ ಬರೆದರೆ ಚೆನ್ನಾಗಿರುತ್ತೆ. ಬಿಟ್ಟಿಲ್ಲ, ಇಎಂಐ ಇದೆ. ಮೀಟಿಂಗಿನಲ್ಲಿ ಒಂದು ಮಾತು ಮಾತ್ರ ಹೇಳಿದೆ: ಸೋತ ಕೂಡಲೇ ಬಟನ್ ಬೇಡ, ಮೂರು ಸೆಕೆಂಡು ಸುಮ್ಮನೆ ಗೇಮ್ ಓವರ್ ಅಂತ ಇರಲಿ, ಆಮೇಲೆ ತೋರಿಸೋಣ. ಗುಂಡು ಆಕಾಶ ದಾಟುವಷ್ಟು ಹೊತ್ತು. ಟೆಸ್ಟ್ ಮಾಡಿ ನೋಡೋಣ ಅಂದರು. ಟೆಸ್ಟಿನಲ್ಲಿ ಗಳಿಕೆ ಇಳಿಯಿತು. ಹಿಂದಿನಂತೆ ಮಾಡಿದೆವು. ಕೋಡ್ ವಾಪಸ್ ಹಾಕಿದ್ದು ನಾನೇ. ಮೂರು ಸೆಕೆಂಡು ಯೋಚನೆ ಮಾಡೋಕೆ ಬಿಟ್ಟರೆ ಜನ ಫೋನ್ ಕೆಳಗಿಡುತ್ತಾರೆ, ಇದು ನನಗೆ ಈಗ ಖಚಿತವಾಗಿ ಗೊತ್ತು. ಹಳೇ ಆಟ ಪ್ರತಿ ಗುಂಡಿಗೂ ಆ ಸಮಯ ಕೊಡುತ್ತಿತ್ತು.

ನೀವೂ ನನ್ನ ಹಾಗೆ ಯಾವುದೋ ಆಪ್ ಕಂಪನಿಯಲ್ಲಿ ಕೂತು ಇದನ್ನ ಓದುತ್ತಿದ್ದರೆ, ಒಂದು ಸಲ ಗೆಲಾಕ್ಸಿಯನ್ ಆಡಿ ನೋಡಿ. ಹತ್ತು ನಿಮಿಷ ಸಾಕು. ನಾಸ್ಟಾಲ್ಜಿಯಾಗೆ ಅಲ್ಲ. ಗುರಿ ತಪ್ಪಿದ ಮೇಲೆ ಕೈ ಖಾಲಿ ಇರೋ ಆ ಹೊತ್ತು ಹೇಗಿರುತ್ತೆ ಅಂತ ತಿಳಿಯೋಕೆ.

ನಮ್ಮ ಯಂತ್ರ ಸ್ಕೋರ್ ನೆನಪಿಟ್ಟುಕೊಳ್ಳೋದಿಲ್ಲ, ಕರೆಂಟ್ ಹೋದರೆ ಎಲ್ಲ ಸೊನ್ನೆ. ಆಗೆಲ್ಲ ಕರೆಂಟ್ ಇರೋದಕ್ಕಿಂತ ಹೋಗೋದೇ ಹೆಚ್ಚು. ಅದಕ್ಕೆ ಅಣ್ಣ ತನ್ನ ದೊಡ್ಡ ಸ್ಕೋರುಗಳನ್ನು ಅಲಮಾರಿ ಬಾಗಿಲಿನ ಒಳಗಡೆ ಪೆನ್ಸಿಲಿನಲ್ಲಿ ಬರೆದಿಡುತ್ತಿದ್ದ. ಕೊನೆಯದು ಇನ್ನೂ ಇದೆ: 21,340. ಹೋದ ವಾರ ಹುಡುಗ ಆ ಬಾಗಿಲಿನ ಫೋಟೋ ಕಳಿಸಿದ್ದ. ಕೆಳಗೆ, ಹೊಸ ಪೆನ್ಸಿಲಿನಲ್ಲಿ, 4,260 ಅಂತ ಬರೆದಿದ್ದಾನೆ. ನಡುವೆ ಬೇಕಾದಷ್ಟು ಜಾಗ ಬಿಟ್ಟಿದ್ದಾನೆ.